ಹಳೆ ವಿಸಿಆರ್, ಹೊಸ ಟಿವಿ: ಮಡಿಕೇರಿಯ ಎರಡು ಮಳೆಗಾಲ ಕಳೆದ ಮೇಲೆ

ಬಳಕೆಯಲ್ಲಿರುವುದು: ಸೆಕೆಂಡ್‌ಹ್ಯಾಂಡ್ ವಿಎಚ್‌ಎಸ್ ವಿಸಿಆರ್, ಅಂದರೆ ವಿಡಿಯೊ ಕ್ಯಾಸೆಟ್ ಓಡಿಸುವ ಯಂತ್ರ (ನಮ್ಮ ದೇಶದ ಪಾಲ್ ಟಿವಿ ಪದ್ಧತಿಯದು, 220 ವೋಲ್ಟ್), ಎವಿಯಿಂದ (ಹಳದಿ, ಕೆಂಪು, ಬಿಳಿ ಪ್ಲಗ್‌ಗಳ ಹಳೆ ಚಿತ್ರ-ಧ್ವನಿ ಜೋಡಣೆ) ಎಚ್‌ಡಿಎಂಐಗೆ ಬದಲಿಸುವ ಕನ್ವರ್ಟರ್, ಎಲ್‌ಇಡಿ ಟಿವಿ.

ವೈರ್ ಜೋಡಿಸುವುದು ಹತ್ತು ನಿಮಿಷದ ಕೆಲಸ. ಕೊಡಗಿನಲ್ಲಿ ವಿಸಿಆರ್ ಕೆಡಿಸುವುದು ತೇವ ಮತ್ತು ಬೂಷ್ಟು. ಕ್ಯಾಸೆಟ್‌ನ ಪಾರದರ್ಶಕ ಕಿಂಡಿಯಲ್ಲಿ ನೋಡಿ: ರೀಲಿನ ಅಂಚಿನಲ್ಲಿ ಬಿಳಿ ಪುಡಿಯಂತೆ ಕಂಡರೆ ಅದು ಬೂಷ್ಟು. ಅಂಥದ್ದನ್ನು ಒಮ್ಮೆ ಹಾಕಿದರೂ ಟೇಪನ್ನು ಓದುವ ಹೆಡ್‌ಗೆ ಅಂಟಿ, ಆಮೇಲೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ. ಮದುವೆ ಕ್ಯಾಸೆಟ್ ಎಂದು ಆಸೆಗೆ ಬಿದ್ದು ಹಾಕಲೇಬೇಡಿ, ಮೊದಲು ಶುಚಿ ಮಾಡಿಸಿ.

ಪವರ್ ಕೊಟ್ಟ ಕೂಡಲೇ ಕ್ಯಾಸೆಟ್ ತುರುಕುವುದೂ ತಪ್ಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಣ್ಣಗಿನ ಡ್ರಮ್ (ಹೆಡ್ ಕೂರಿಸಿದ, ತಿರುಗುವ ಲೋಹದ ಉರುಳೆ) ಮೇಲೆ ನೀರಿನ ಪಸೆ ಕೂರುತ್ತದೆ, ಟೇಪು ಅದಕ್ಕೆ ಅಂಟಿ ಸುತ್ತಿಕೊಳ್ಳುತ್ತದೆ. ಖಾಲಿ ಸೆಟ್ಟನ್ನು ಒಂದು ಗಂಟೆ ಆನ್ ಮಾಡಿಟ್ಟು, ಆಮೇಲೆ ಹೋದರೂ ಚಿಂತೆಯಿಲ್ಲದ ಒಂದು ಕ್ಯಾಸೆಟ್ ಹಾಕಿ. ಐದು ನಿಮಿಷ ಓಡಿಸಿ ಹೊರತೆಗೆದಾಗ ಟೇಪು ಜೋಲುಬಿದ್ದಿದ್ದರೆ ರೀಲು ತಿರುಗಿಸುವ ರಬ್ಬರ್ ಚಕ್ರ ಸವೆದಿದೆ. ಕ್ಯಾಸೆಟ್ ಒಳಗೆ ಹೋಗಿ ಹಾಗೇ ವಾಪಸ್ ಬಂದರೆ ಹೆಚ್ಚಾಗಿ ಬೆಲ್ಟ್ ಗಟ್ಟಿಯಾಗಿ ಜಾರುತ್ತಿರುತ್ತದೆ. ಜಪಾನಿನ ಫುನಾಯ್ 2016ರಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ಬರುತ್ತಿಲ್ಲ. ಬಿಡಿಭಾಗಕ್ಕೆ ಕೆಟ್ಟ ಸೆಟ್ಟೊಂದನ್ನು ಜೊತೆಗೆ ಇಟ್ಟುಕೊಂಡರೆ ಒಳ್ಳೆಯದು.

ಚಿತ್ರ ತುಂಬ ಮಳೆ ಬಂದಂತೆ ಬಿಳಿ ಚುಕ್ಕಿಯಿದ್ದರೆ ಮೊದಲು ಟೇಪಿಗೆ ಹೆಡ್ಡನ್ನು ಹೊಂದಿಸುವ ಟ್ರ್ಯಾಕಿಂಗ್ ತಿರುಗಿಸಿ. ಹೋಗದಿದ್ದರೆ ಹೆಡ್ ಕೊಳೆಯಾಗಿದೆ. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ಮೆತ್ತಗಿನ ಶಾಮಿ ಚರ್ಮಕ್ಕೆ 99% ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಡ್ರಮ್‌ಗೆ ಒತ್ತಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಡ್ರಮ್ಮನ್ನು ಮೇಲಿನಿಂದ ತಿರುಗಿಸಿ. ಚರ್ಮವನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಕಿವಿ ಶುಚಿ ಮಾಡುವ ಹತ್ತಿ ಕಡ್ಡಿಯೂ ಬೇಡ, ಅದರ ಎಳೆ ಸಿಕ್ಕಿಕೊಳ್ಳುತ್ತದೆ.

ಟಿವಿಯಲ್ಲಿ ಎವಿ ಇನ್ ಇದ್ದರೆ ಅದನ್ನೇ ಬಳಸಿ. ಹಲವು ಹೊಸ ಟಿವಿಗಳಲ್ಲಿ ಅದು ಇಯರ್‌ಫೋನ್ ತೂತಿನಂತೆ 3.5 ಮಿಮೀ ಇರುತ್ತದೆ. ಅದಕ್ಕೆ ಹಾಕುವ ಕೇಬಲ್‌ಗಳ ಒಳಗಿನ ವೈರ್ ಜೋಡಣೆ ಒಂದೊಂದರಲ್ಲಿ ಒಂದೊಂದು ಥರ. ಚಿತ್ರವಿಲ್ಲದೆ ಸ್ಪೀಕರ್ ಗುಂಯ್‌ಗುಟ್ಟಿದರೆ ಹಳದಿ ಪ್ಲಗ್ಗನ್ನು ಕೆಂಪು, ಬಿಳಿಯ ಜಾಗಕ್ಕೆ ಬದಲಿಸಿ ನೋಡಿ. ಎವಿ ಇಲ್ಲದಿದ್ದರೆ ಕನ್ವರ್ಟರ್. ಕೊಳ್ಳುವಾಗ ದಿಕ್ಕು ನೋಡಿ, ಎಚ್‌ಡಿಎಂಐಯಿಂದ ಎವಿಗೆ ಹೋಗುವುದು ನಮಗೆ ಕೆಲಸಕ್ಕೆ ಬಾರದು. ಕನ್ವರ್ಟರ್‌ಗೆ 5 ವೋಲ್ಟ್ ಯುಎಸ್‌ಬಿ ಪವರ್ ಬೇಕು. ಸವೆದ ಟೇಪಿನಲ್ಲಿ ಸಿಗ್ನಲ್ ತಡವರಿಸಿದರೆ ಕನ್ವರ್ಟರ್ ಆಗಾಗ ನೀಲಿ ಪರದೆ ತೋರಿಸುತ್ತದೆ, ಹಳೆ ಟ್ಯೂಬ್ ಟಿವಿ ಅಷ್ಟು ಬೇಗ ಸೋಲುತ್ತಿರಲಿಲ್ಲ. ಮುಖಗಳು ಅಗಲವಾಗಿ ಕಂಡರೆ ಟಿವಿಯಲ್ಲಿ 4:3 ಆರಿಸಿ.

ಕಂಪ್ಯೂಟರ್‌ಗೆ ಕಾಪಿ ಮಾಡುವಾಗ ಚಿತ್ರದ ಅಳತೆ 720x576, ಸೆಕೆಂಡಿಗೆ 25 ಫ್ರೇಮ್ ಇಡಿ. ಎಂಟು ಎಂಬಿಪಿಎಸ್ (ಸೆಕೆಂಡಿಗೆ ಎಂಟು ಮೆಗಾಬಿಟ್) ವೇಗದಲ್ಲಿ ಗಂಟೆಗೆ ಸುಮಾರು 3.6 ಜಿಬಿ ಆಗುತ್ತದೆ. ಅದಕ್ಕೂ ಮೊದಲು ಕ್ಯಾಸೆಟ್‌ನ ರೆಕಾರ್ಡ್ ಚಿಪ್ಪು (ರೆಕಾರ್ಡ್ ಆಗಲು ಬಿಡುವ, ಅಂಚಿನ ಪುಟ್ಟ ಪ್ಲಾಸ್ಟಿಕ್ ತುಂಡು) ಮುರಿದುಬಿಡಿ; ಇಲ್ಲವಾದರೆ ತಪ್ಪಿ ಒತ್ತಿದ ಒಂದು ಗುಂಡಿ ಎಲ್ಲ ಅಳಿಸುತ್ತದೆ. ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಸರಿಯಾದ ಕಾಲ. ಗುಡುಗು ಶುರುವಾಗುವ ಏಪ್ರಿಲ್‌ನಿಂದ, ಬಳಸಿದ ಕೂಡಲೇ ಪ್ಲಗ್ ಕೀಳಿ.