70 ಲೀಟರ್ ಕೂಲರ್ ರಿವ್ಯೂ: ವ್ಯಾಟ್ ಖರೇ ಅದ, ಐಸಿನ ಮಾತು ಸುಳ್ಳು

ಐಸ್ ಚೇಂಬರ್ ಇರೋ ಕೂಲರ್‌ಗೆ ಹೆಚ್ಚಿಗಿ ರೊಕ್ಕ ಕೊಡ್ಲಕ್ಕ ಹೊಂಟವ್ರು ಮೊದ್ಲ ಇದನ್ನ ಓದ್ರಿ. ಕಲಬುರಗಿ ಬ್ಯಾಸಗಿ ನಿಮಗ ನಾ ಹೇಳೋದು ಬ್ಯಾಡ, ಏಪ್ರಿಲ್ ಮೇದಾಗ 41-42 ಅಂದ್ರ ದಿನಾ ಇದ್ದದ್ದೇ. ಹೋಳಿ ಮುಗದ ಮ್ಯಾಲ ಸೂಪರ್ ಮಾರ್ಕೆಟ್ ಕಡಿ ಹೋಗಿ ತಂದಿದ್ದು, 70 ಲೀಟರ್ ಟ್ಯಾಂಕು, ಹನಿಕೋಂಬ್ ಪ್ಯಾಡು (ಜೇನುಗೂಡಿನಂಗ ತೂತಿರೋದು), ಹಿಂದ ಸ್ಟಿಕರ್‌ದಾಗ 190 ವ್ಯಾಟ್, ಮ್ಯಾಲ ಐಸ್ ಹಾಕ್ಲಕ್ಕ ಒಂದ್ ಸಣ್ಣ ಮುಚ್ಚಳ. ಕಂಪನಿ ಹೆಸರು ಬರಿಯಾಂಗಿಲ್ಲ, ಈ ಸೈಜಿನ ಕೂಲರೆಲ್ಲಾ ಹೆಚ್ಚುಕಮ್ಮಿ ಒಂದೇ ನಮೂನಿ ಇರ್ತಾವ.

ಬಾಜು ಮನಿ ಕಾಕೂ ಕೇಳಿದ ಮೊದಲ್ನೇ ಮಾತು, "ಬಿಲ್ ಎಷ್ಟ್ ಬರ್ತದೋ ತಮ್ಮಾ?" ಅಂತ. ಅದಕ್ಕ ಅಂದಾಜಿನ ಉತ್ತರ ಕೊಡ್ಲಕ್ಕ ನನಗ ಮನಸಿಲ್ಲ. ದಿನಾ ಮುಂಜಾನೆ ಜೆಸ್ಕಾಂ ಮೀಟರ್ ರೀಡಿಂಗ್ ಬರ್ಕೊಂಡೆ, ಕೂಲರ್ ಎಷ್ಟ್ ತಾಸ್ ಓಡ್ತು ಅಂತ ಬಾಜೂಕ ಬರ್ಕೊಂಡೆ, ಮೊಬೈಲ್ ಶೀಟ್‌ದಾಗ ಹಾಕಿ ಲೀನಿಯರ್ ರಿಗ್ರೆಷನ್ ಮಾಡ್ದೆ, ಅಂದ್ರ ದಿನಕ್ಕೊಂದ್ ಚುಕ್ಕಿ ಇಟ್ಟು ಎಲ್ಲಾ ಚುಕ್ಕಿಗೂ ಆದಷ್ಟು ಹತ್ರ ಹೋಗೋ ಒಂದ್ ನೇರ ಗೆರಿ ಎಳಿಯೋದು. ಬಂದ ಗೆರಿ ಹಿಂಗದ: ದಿನದ ಯುನಿಟ್ = 2.9 + 0.24 × ತಾಸು. 2.9 ಅಂದ್ರ ಕೂಲರ್ ಹಚ್ಚದೇ ಇದ್ರೂ ಫ್ರಿಜ್ಜು, ಫ್ಯಾನು, ಮಿಕ್ಸರ್ ತಿನ್ನೋ ಕರೆಂಟು. 0.24 ಅಂದ್ರ ಒಂದ್ ತಾಸ್ ಹೆಚ್ಚಿಗಿ ಓಡ್ಸಿದ್ರ ಮೀಟರ್ ಮ್ಯಾಲ ಏರೋದು.

ಆದ್ರ 190 ವ್ಯಾಟ್ ಅಂದ್ರ ತಾಸಿಗಿ 0.19 ಬರ್ಬೇಕಲ್ಲ, 0.24 ಯಾಕ ಬಂತು? ಇಲ್ಲೇ ಕಂಪನಿ ಸುಳ್ಳು ಹೇಳ್ಯಾದ ಅಂತ ಒದರ್ಲಕ್ಕ ಹೋಗಬಾರ್ದು. ಬಿಸಲು ಜಾಸ್ತಿ ಇದ್ದ ದಿನ ಕೂಲರ್ ಹೆಚ್ಚಿಗಿ ಓಡ್ತದ, ಅದೇ ದಿನ ಫ್ರಿಜ್ಜಿನ ಕಂಪ್ರೆಸರೂ ಹೆಚ್ಚಿಗಿ ಓಡ್ತದ, ಫ್ಯಾನ್ ನಿಲ್ಲಂಗೇ ಇಲ್ಲ, ಆ ಖರ್ಚೆಲ್ಲಾ ಪಾಪ ಕೂಲರಿನ ಖಾತಿಗಿ ಬೀಳ್ತದ. ಮ್ಯಾಲ ಬೋರ್ ಮೋಟರ್ ಹಚ್ಚಿದ ದಿನದ ಚುಕ್ಕಿ ಗೆರಿಲಿಂದ ಎಲ್ಲ್ಯೋ ಮ್ಯಾಲ ಹೋಗಿ ಕುಂತಿರ್ತದ. ಅದಕ್ಕ ಮೋಟರ್ ಹಚ್ಚಿದ ದಿನಕ್ಕ 1, ಇಲ್ಲಂದ್ರ 0 ಅಂತ ಒಂದ್ ಕಾಲಂ, ಅವತ್ತಿನ ಗರಿಷ್ಠ ತಾಪಮಾನಕ್ಕ ಇನ್ನೊಂದ್ ಕಾಲಂ ಸೇರ್ಸಿದೆ. ಕೂಲರಿನ ಪಾಲು 0.20ಕ್ಕ ಇಳೀತು, 95 ಪರ್ಸೆಂಟ್ ಅಂತರ (ನನ್ನ ಲೆಕ್ಕಕ್ಕ ಹೊಂದೋ ಖರೇ ಪಾಲು ಎಲ್ಲಿಂದ ಎಲ್ಲಿ ತನಕ ಇರಬಹುದು ಅನ್ನೋದು) 0.16ಲಿಂದ 0.24. ಸ್ಟಿಕರಿನ 0.19 ಅದರೊಳಗೇ ಅದ. ಅಂದ್ರ ಕಂಪನಿ ಮಾತು ತಪ್ಪು ಅನ್ಲಕ್ಕ ನನ್ನ ಹತ್ರ ಪುರಾವಿ ಇಲ್ಲ, ಈ ವಿಷಯದಾಗ ಪೂರಾ ಮಾರ್ಕ್ಸ್.

ಬಿಲ್ಲಿಗಿ ಮಾತ್ರ ಮೊದಲ್ನೇ ಗೆರಿನೇ ಛಲೋ, ಯಾಕಂದ್ರ ಬಿಲ್ ಬರೋದು ಇಡೀ ಮನಿಗಿ. ದಿನಾ 10 ತಾಸ್ ಓಡ್ಸಿದ್ರ ತಿಂಗಳಿಗಿ 160 ಯುನಿಟ್ ಆಸುಪಾಸು, 15 ತಾಸಿನ ತನಕ 200 ದಾಟಂಗಿಲ್ಲ. ಗೃಹಜ್ಯೋತಿದಾಗ 200 ಫ್ರೀ ಅಂತ ಮಂದಿ ಅಂತಾರ ಖರೇ, ಆದ್ರ ನಮ್ಮಂಥ ಹಳೇ ಮೀಟರಿನವ್ರಿಗಿ 2022-23ರ ಸರಾಸರಿಗಿ 10 ಪರ್ಸೆಂಟ್ ಸೇರ್ಸಿದಷ್ಟು ಮಾತ್ರ ಫ್ರೀ, ಅದರ ಮ್ಯಾಲಿಂದಕ್ಕ ರೊಕ್ಕ ಕಟ್ಬೇಕು, 200 ದಾಟಿದ್ರ ಪೂರಾ ಬಿಲ್ ನಮ್ ತಲಿ ಮ್ಯಾಲ. ಕಾಕೂಗ ಇಷ್ಟೂ ಹೇಳ್ದೆ, ಅವ್ರ ಮನಿ ಫ್ರಿಜ್ ದೊಡ್ಡದದ, ಅದಕ್ಕ ಅವ್ರ ಲೆಕ್ಕ ಅವ್ರ ಮೀಟರ್‌ಲಿಂದೇ ತಗೀಬೇಕು.

ಈಗ ಐಸು. ಅಂಗಡ್ಯಾಗ ಹೇಳಿದ್ದು, "ಐಸ್ ಹಾಕ್ರಿ ಅಣ್ಣಾ, ಇನ್ನೂ ಐದ್ ಡಿಗ್ರಿ ಇಳೀತದ". ಹತ್ತು ಚೀಟಿಗಿ ಐಸ್, ಹತ್ತು ಚೀಟಿಗಿ ಬರೇ ನೀರು ಅಂತ ಬರ್ದು ಡಬ್ಬ್ಯಾಗ ಹಾಕಿ ದಿನಾ ಒಂದ್ ಎತ್ತಿದೆವು, ಯಾಕಂದ್ರ ನಮ್ಮ ಕೈಗಿ ಬಿಟ್ರ ಧಗಿ ಜಾಸ್ತಿ ಇದ್ದ ದಿನಾನೇ ಐಸ್ ಹಾಕ್ತೀವಿ, ಲೆಕ್ಕ ಅಲ್ಲೇ ಕೆಡ್ತದ. ಎರಡು ಡಿಜಿಟಲ್ ಥರ್ಮಾಮೀಟರ್ ತಂದು ಮೊದ್ಲ ಒಂದ್ ರಾತ್ರಿ ಬಾಜೂಕ ಬಾಜೂಕ ಇಟ್ಟು ತಾಳೆ ನೋಡಿದೆ, ಆಮ್ಯಾಲ ಒಂದ್ ಕಿಟಕಿ ಹೊರಗ ನೆರಳಿಗಿ, ಒಂದ್ ಕೂಲರ್ ಬಾಯಿ ಮುಂದ, ಮಧ್ಯಾಹ್ನ ಮೂರಕ್ಕ ಎರಡರ ವ್ಯತ್ಯಾಸ ಬರ್ಕೊಳ್ಳೋದು.

ಐಸ್ ಹಾಕಿದ ದಿನಗಳ ಸರಾಸರಿ 0.6 ಡಿಗ್ರಿ ಅಷ್ಟೇ ಹೆಚ್ಚಿಗಿ ತಂಪು. ಟೀ ಟೆಸ್ಟ್ (t-test, ಎರಡು ಸರಾಸರಿ ನಡುವಿನ ಫರಕು ಸುಮ್ನ ಬಂದಿರಬಹುದೇನು ಅಂತ ನೋಡೋ ಲೆಕ್ಕ) ಹಚ್ಚಿದ್ರ ಟೀ 0.9, ಪಿ ವ್ಯಾಲ್ಯೂ 0.38, ಅಂದ್ರ ಐಸ್ ಏನೂ ಕೆಲ್ಸ ಮಾಡದಿದ್ರೂ ಇಷ್ಟು ಫರಕು ಸುಮ್ನ ಬರ್ಲಕ್ಕ ಸಾಕಷ್ಟು ಆಸ್ಪದ ಅದ. ಇಪ್ಪತ್ತೇ ದಿನ ಸಾಕೇನು ಅಂತ ಗೆಳ್ಯಾ ಕೇಳ್ದ. ಟೀ ಟೆಸ್ಟ್ ಹುಟ್ಟಿದ್ದೇ ಇಂಥ ಸಣ್ಣ ಲೆಕ್ಕಕ್ಕ, ಡಬ್ಲಿನ್‌ದ ಗಿನ್ನೆಸ್ ಬಿಯರ್ ಕಾರ್ಖಾನ್ಯಾಗಿದ್ದ ಗಾಸೆಟ್ 1908ರಾಗ ಸ್ಟೂಡೆಂಟ್ ಅನ್ನೋ ಹೆಸರ್ಲಿಂದ ಅದನ್ನ ಬರ್ದಿದ್ದು. ಹಂಗಂತ ಐಸ್‌ಲಿಂದ ಏನೂ ಆಗಂಗಿಲ್ಲ ಅಂತ ಸಾಬೀತಾಗಿಲ್ಲ. ಈ ಫರಕಿನ 95 ಪರ್ಸೆಂಟ್ ಅಂತರ ನೋಡಿದ್ರ ಮೈನಸ್ 0.8ಲಿಂದ 2 ಡಿಗ್ರಿ ತನಕ ಅದ. ಆದ್ರ ಅಂಗಡಿಯವ್ರ ಐದ್ ಡಿಗ್ರಿ ಅದರ ಹತ್ರಕ್ಕೂ ಬರಂಗಿಲ್ಲ, ಆ ಮಾತನ್ನ ಮಾತ್ರ ಧೈರ್ಯಲಿಂದ ತಳ್ಳಿ ಹಾಕ್ಬಹುದು. ವಿಜ್ಞಾನ ನೋಡಿದ್ರೂ ಹಂಗೇ ಅದ, ಒಂದ್ ಕಿಲೋ ಐಸ್ ಕರಗ್ಲಕ್ಕ ಎಳ್ಕೊಳ್ಳೋದು 334 ಕಿಲೋಜೂಲ್, ಒಂದ್ ಲೀಟರ್ ನೀರು ಆವಿ ಆಗ್ಲಕ್ಕ 2400ರ ಸನಿಹ, ಒಣ ಮಧ್ಯಾಹ್ನ ನಮ್ಮ ಕೂಲರ್ ತಾಸಿಗಿ ನಾಕೈದ್ ಲೀಟರ್ ಕುಡೀತದ, ಅದರ ಮುಂದ ಒಂದ್ ಡಬ್ಬಿ ಐಸ್ ಯಾವ ಲೆಕ್ಕ. ಮ್ಯಾಲ ಆ ಐಸ್ ಮಾಡ್ಲಕ್ಕ ಫ್ರಿಜ್ಜಿಗಿ ಕರೆಂಟ್ ಬ್ಯಾರೆ.

ತಂಪು ನಿಂತಿರೋದು ಗಾಳ್ಯಾಗಿನ ತೇವದ ಮ್ಯಾಲ. ತೇವಕ್ಕೂ ತಂಪಿಗೂ ಹಿಂಗೇ ಎಳದ ಇನ್ನೊಂದ್ ಗೆರಿ ಪ್ರಕಾರ ಹೊರಗಿನ ತೇವ 10 ಪರ್ಸೆಂಟ್ ಏರಿದ್ರ (20 ಇದ್ದದ್ದು 30 ಆದಂಗ) ಕೂಲರ್ ಇಳಿಸೋ ತಾಪ 2 ಡಿಗ್ರಿ ಕಮ್ಮಿ ಆಗ್ತದ. ಏಪ್ರಿಲ್‌ದ ಒಣ ಗಾಳ್ಯಾಗ 12-13 ಡಿಗ್ರಿ ಇಳಿಸಿದ್ದು ಮಳಿ ಬಿದ್ದ ಮ್ಯಾಲ ಐದಕ್ಕ ಬಂತು.

ಒಂದ್ ದೊಡ್ಡ ದೂರು ಪ್ಯಾಡಿಂದು. ಗೆರಿ ಹೇಳೋ ತಂಪಿಗೂ ಖರೇ ಬಂದ ತಂಪಿಗೂ ಇರೋ ಫರಕನ್ನ ತಾರೀಖಿನ ಪ್ರಕಾರ ಸಾಲಾಗಿ ಇಟ್ಟು ನೋಡಿದ್ರ ಮೇ ತಿಂಗ್ಳ ಪೂರಾ ಕೆಳಗ ಕೆಳಗ ಜಾರ್ಲಕತ್ತಿತ್ತು, ತೇವದ ಲೆಕ್ಕ ತಗದ ಮ್ಯಾಲೂ. ಹಿಂದಿನ ಜಾಳಗಿ ಬಿಚ್ಚಿದ್ರ ಪ್ಯಾಡಿನ ತೂತಿನ ಅಂಚಿಗೆಲ್ಲಾ ಬೋರ್ ನೀರಿನ ಸುಣ್ಣ ಬೆಳ್ಳಗ ಗಟ್ಟ್ಯಾಗಿ ಕುಂತಿತ್ತು, ಉಗುರ್ಲಿಂದ ಕೆರದ್ರ ಚಕ್ಕಿ ಚಕ್ಕಿ ಉದುರ್ತಿತ್ತು. ವಿನೆಗರ್ ಹಾಕಿದ ನೀರಾಗ ನೆನಿಸಿ ತೊಳದ್ ಮ್ಯಾಲ ಚುಕ್ಕಿಗಳು ಮತ್ತ ಗೆರಿ ಹತ್ರ ಬಂದವು. ನಮ್ಮ ಕಡಿ ನೀರಿಗಿ ಪ್ಯಾಡ್ ತೊಳಿಯೋದು ಹೆಂಗ ಅಂತ ಕಂಪನಿ ಪುಸ್ತಕದಾಗ ಒಂದ್ ಸಾಲೂ ಇಲ್ಲ, ಇದು ಬಿಸಿಲ ನಾಡಿಗಿ ಮಾರೋ ವಸ್ತು ಅಂದ ಮ್ಯಾಲ ಇರ್ಲೇಬೇಕಿತ್ತು.

ಐದಕ್ಕ ನಾಕ್ ಸ್ಟಾರ್. ಐಸ್ ಚೇಂಬರ್ ಇಲ್ಲದ ಮಾಡಲ್ ಸಿಕ್ರ ಅದನ್ನೇ ತಗೋರಿ, ಉಳದ ರೊಕ್ಕದಾಗ ಒಂದ್ ಜೋಡಿ ಪ್ಯಾಡ್ ಹೆಚ್ಚಿಗಿ ತಂದಿಡ್ರಿ, ಕಿಟಕಿಗಿ ಹಚ್ಚಿ ಎದುರಿನ ಬಾಗ್ಲ ಸ್ವಲ್ಪ ತೆರದಿಡ್ರಿ.