ಅಂಗಡಿಯ ಗುರುವಾರದ ಮೇಜಿಗೆ ಯಾವ ಆಟ? ಡಿ ಆ್ಯಂಡ್ ಡಿ, ಪಾತ್‌ಫೈಂಡರ್, ಶ್ಯಾಡೋಡಾರ್ಕ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಶ್ಯಾಡೋಡಾರ್ಕ್‌ಗೆ. ಮೂರೂ ರೋಲ್‌ಪ್ಲೇಯಿಂಗ್ ಆಟಗಳು: ಕೂತವರು ಒಂದೊಂದು ಪಾತ್ರವಾಗಿ ಆಡುತ್ತಾರೆ, ಒಬ್ಬರು ಕಥೆಯನ್ನೂ ರಾಕ್ಷಸರನ್ನೂ ನಡೆಸಿ ಆಡಿಸುತ್ತಾರೆ, ಗೆಲುವು ಸೋಲು ಡೈಸ್ ಹೇಳುತ್ತದೆ. ಡಿ ಆ್ಯಂಡ್ ಡಿ ಅಂದರೆ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಮೂರೂ ಆಟಗಳ ಪುಸ್ತಕ ನನ್ನ ಹತ್ತಿರ ಇವೆ. ಮೂರನ್ನೂ ಒಂದೇ ಮೇಜಿನಲ್ಲಿ, ಹೆಚ್ಚುಕಡಿಮೆ ಅದೇ ಜನರಿಗೆ ಆಡಿಸಿದ್ದೇನೆ. ಆದರೆ ಈ ಓಟು ಒಂದು ಜಾಗಕ್ಕೆ ಮಾತ್ರ. ಗುರುವಾರ ಸಂಜೆ ಏಳಕ್ಕೆ ಶುರುವಾಗಿ ಹತ್ತಕ್ಕೆ ಶಟರ್ ಎಳೆಯುವ, ಬೆಂಗಳೂರಿನ ಒಂದು ಬೋರ್ಡ್ ಗೇಮ್ ಅಂಗಡಿಗೆ. ಅಲ್ಲಿ ಯಾರು ಬರುತ್ತಾರೆ, ಎಷ್ಟು ಜನ ಬರುತ್ತಾರೆ ಅನ್ನುವುದು ಬಂದ ಮೇಲೆಯೇ ಗೊತ್ತಾಗುವುದು.

ಮನೆಯಲ್ಲಿ ನಾಲ್ಕು ಜನ ಗೆಳೆಯರು ಸೇರಿ ಆಡುವುದೇ ಬೇರೆ. ಒಬ್ಬ ಬರಲಿಲ್ಲ ಅಂದರೆ ಆಟ ಮುಂದಿನ ವಾರಕ್ಕೆ ಹಾಕಬಹುದು. ತಡವಾದರೆ ಹನ್ನೊಂದೂವರೆವರೆಗೂ ಎಳೆಯಬಹುದು. ಅಂಗಡಿಯಲ್ಲಿ ಎರಡೂ ನಡೆಯುವುದಿಲ್ಲ. ತಲೆಗೆ ಇಷ್ಟು ಅಂತ ದುಡ್ಡು ಕೊಟ್ಟು ಕೂತವರಿಗೆ ಆ ದಿನವೇ ಆಟ ಬೇಕು, ನ್ಯಾಯ ಅಲ್ವಾ? ಪಕ್ಕದ ಮೇಜಿನಲ್ಲಿ ಕಟಾನ್ ಆಡುವವರ ಗಲಾಟೆ ಇರುತ್ತದೆ. ಸಿಲ್ಕ್ ಬೋರ್ಡ್ ದಾಟಿ ಬರಬೇಕಾದವರು ಏಳೂಮುಕ್ಕಾಲಿಗೆ ಏದುಸಿರು ಬಿಡುತ್ತಾ ಬರುತ್ತಾರೆ. ಕೊನೆಗೆ ಕೈಗೆ ಸಿಗುವುದು ಎರಡು, ಎರಡೂವರೆ ಗಂಟೆ.

ಹಾಗಂತ ವಾರವಾರ ಜನ ಬದಲಾಗುವುದು ಈ ಜಾತಿಯ ಆಟಕ್ಕೆ ಹೊಸದೇನಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಲ್ಲೇ ಒಂದು ಕ್ಯಾಂಪೇನ್‌ನಲ್ಲಿ, ಅಂದರೆ ಮುಂದುವರಿಯುತ್ತಾ ಹೋಗುವ ಒಂದು ಕಥೆಯಲ್ಲಿ, ನಾಲ್ಕರಿಂದ ಐವತ್ತು ಜನ ಆಡಬಹುದು ಅಂತ ಇತ್ತು. ಐವತ್ತು ಜನ ಒಂದೇ ರಾತ್ರಿ ಒಂದೇ ಮೇಜಿಗೆ ಕೂರಬೇಕು ಅಂತಲ್ಲ. ಜನ ಬದಲಾಗುತ್ತಾರೆ, ಸಾಹಸ ನಡೆಯುವ ನೆಲಮಾಳಿಗೆ ಅದೇ ಇರುತ್ತದೆ. ಅಂಗಡಿಗೆ ಬೇಕಾಗಿರುವುದೂ ಅದೇ.

ಈಗ ಡಿ ಆ್ಯಂಡ್ ಡಿ. 2014ರ ಐದನೇ ಆವೃತ್ತಿಯಿಂದಲೇ ನಾನು ಶುರು ಮಾಡಿದ್ದು. ಜನ ಸೇರಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಅಂಗಡಿಯ ಬಾಗಿಲಿಗೆ ಈ ಹೆಸರಿನ ಚೀಟಿ ಅಂಟಿಸಿದರೆ ಸಾಕು, ಜನ ತಾವಾಗಿಯೇ ಕೇಳಿಕೊಂಡು ಬರುತ್ತಾರೆ. ಬಾಲ್ಡರ್ಸ್ ಗೇಟ್ 3 ಅನ್ನುವ ವಿಡಿಯೋ ಗೇಮ್ ಆಡಿ ಬಂದವರಿಗೆ ನಿಯಮ ಅರ್ಧ ಗೊತ್ತಿರುತ್ತದೆ, ಯಾಕೆಂದರೆ ಅದು ಕಟ್ಟಿರುವುದೇ ಈ ನಿಯಮಗಳ ಮೇಲೆ. 2024ರಲ್ಲಿ ನಿಯಮ ತಿದ್ದಿದ ಮೇಲೆ ಮಾತ್ರ ಒಂದು ಚಿಕ್ಕ ಕಿರಿಕಿರಿ ಸೇರಿಕೊಂಡಿದೆ. ಒಬ್ಬರು ಹಳೇ ಪುಸ್ತಕ ತರುತ್ತಾರೆ, ಇನ್ನೊಬ್ಬರು ಹೊಸದು. ಗಾಯ ವಾಸಿ ಮಾಡುವ ಕ್ಯೂರ್ ವೂಂಡ್ಸ್ ಮಂತ್ರಕ್ಕೆ ಹಳೇದರಲ್ಲಿ ಒಂದು ಡಿ8 (ಎಂಟು ಮುಖದ ಡೈಸ್), ಹೊಸದರಲ್ಲಿ ಎರಡು. ಯಾವುದು ಅಂತ ಮೊದಲೇ ಹೇಳಿಬಿಟ್ಟರೆ ಮುಗಿಯಿತು.

ನಿಜವಾದ ತೊಡಕು ಅದಲ್ಲ. ಹತ್ತು ಗಂಟೆಗೆ ಅರ್ಧಕ್ಕೆ ನಿಂತ ಕಾಳಗ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ನಾನು ಆಟ ಬದಲಾಯಿಸಿದ್ದೇ ಇದರಿಂದ.

ಐದನೇ ಲೆವೆಲ್‌ಗೆ ಬಂದ ಆರು ಪಾತ್ರಗಳನ್ನು ನೆನೆಸಿಕೊಳ್ಳಿ. ಫೈಟರ್‌ಗೆ, ಅಂದರೆ ಕಾದಾಡುವವನಿಗೆ, ಆ ಲೆವೆಲ್‌ನಲ್ಲಿ ಎರಡನೇ ಏಟು ಸಿಕ್ಕಿರುತ್ತದೆ. ಮಂತ್ರವಾದಿ ವಿಝರ್ಡ್‌ಗೆ ಫೈರ್‌ಬಾಲ್ ಅನ್ನುವ ಬೆಂಕಿಯ ಮಂತ್ರ ಸಿಕ್ಕಿರುತ್ತದೆ, ಎಂಟು ಡಿ6 ಉರುಳಿಸಿ ಕೂಡಬೇಕು. ಪ್ರತಿಯೊಬ್ಬರಿಗೂ ಒಂದು ಆ್ಯಕ್ಷನ್, ಇದ್ದರೆ ಒಂದು ಬೋನಸ್ ಆ್ಯಕ್ಷನ್, ಬೇರೆಯವರ ಸರದಿಯಲ್ಲಿ ಒಂದು ರಿಯಾಕ್ಷನ್. ಹೊಸಬರು ತಮ್ಮ ಸರದಿ ಬಂದ ಮೇಲೆ ಪಾತ್ರದ ವಿವರ ಬರೆದ ಶೀಟ್ ತಿರುವುತ್ತಾರೆ. ತಪ್ಪು ಅವರದ್ದಲ್ಲ, ಶೀಟ್‌ನಲ್ಲಿ ಅಷ್ಟು ಬರೆದಿರುತ್ತದೆ. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಆರನೆಯವರು ಫೋನ್ ಹಿಡಿದಿರುತ್ತಾರೆ.

ಒಂದು ಗುರುವಾರ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸರ ಜೊತೆ ಸೇತುವೆ ಕಾಳಗ ಒಂಬತ್ತು ಗಂಟೆಗೆ ಶುರುವಾಯಿತು. ಮಿನಿ, ಅಂದರೆ ಪುಟ್ಟ ಗೊಂಬೆಗಳು, ಸಾಲದೆ ಸೋಡಾ ಬಾಟಲಿಯ ಮುಚ್ಚಳಗಳ ಮೇಲೆ ಮಾರ್ಕರ್‌ನಲ್ಲಿ ನಂಬರ್ ಬರೆದು ಇಟ್ಟಿದ್ದೆ. ಹತ್ತು ಹೊಡೆಯುವಾಗ ನಾಲ್ಕನೇ ಸುತ್ತು. ದೇವರ ಶಕ್ತಿಯಿಂದ ಮಂತ್ರ ಹಾಕುವ ಕ್ಲೆರಿಕ್ ಕೆಳಗೆ ಬಿದ್ದಿದ್ದಾಳೆ, ಸಾವಿನ ಡೈಸ್‌ನಲ್ಲಿ ಎರಡು ಸಲ ಸೋತಿದ್ದಾಳೆ. ವಿಝರ್ಡ್ ಗಮನ ಹಿಡಿದಿಟ್ಟು ನಡೆಸಬೇಕಾದ ಒಂದು ಮಂತ್ರದಿಂದ ಒಬ್ಬ ಕಾವಲಿನವನನ್ನು ಕಟ್ಟಿಹಾಕಿದ್ದಾನೆ. ಅಂಗಡಿಯ ಹುಡುಗ ಆ ಕಡೆಯಿಂದ ಕುರ್ಚಿ ಜೋಡಿಸುತ್ತಾ ಬಂದು, "ಅಣ್ಣಾ, ಹತ್ತಾಯ್ತು. ಮ್ಯಾಟ್ ಒರೆಸ್ಬೇಕು, ನಾಳೆ ಬೇರೆಯವರು ಬುಕ್ ಮಾಡಿದ್ದಾರೆ" ಅಂದ. "ಇನ್ನೆರಡೇ ನಿಮಿಷ ಕಣೋ" ಅಂತ ಮ್ಯಾಪಿನ ಫೋಟೊ ತೆಗೆದುಕೊಂಡೆ. ಯಾರ ಹಿಟ್ ಪಾಯಿಂಟ್ (ಉಳಿದ ಜೀವ) ಎಷ್ಟು, ಯಾರ ಸರದಿ, ಯಾವ ಮುಚ್ಚಳ ಸತ್ತಿದೆ, ಎಲ್ಲ ಬರೆದುಕೊಂಡೆ.

ಮುಂದಿನ ಗುರುವಾರ ವಿಝರ್ಡ್ ಬರಲಿಲ್ಲ, ಹುಬ್ಬಳ್ಳಿಯಲ್ಲಿ ಅಕ್ಕನ ಮದುವೆ. ಕ್ಲೆರಿಕ್ ಆಡುತ್ತಿದ್ದವರಿಗೆ ಪರೀಕ್ಷೆ. ಬದಲಿಗೆ ಹೊಸಬರು ಇಬ್ಬರು ಬಂದರು. ಈಗ ಹೇಳಿ, ಕಟ್ಟಿಹಾಕಿದ ಕಾವಲಿನವನನ್ನು ಏನು ಮಾಡುವುದು? ಬಿದ್ದಿರುವ ಕ್ಲೆರಿಕ್‌ಗೆ ಡೈಸ್ ಯಾರು ಹಾಕುವುದು? ಬೇರೆಯವರು ಹಾಕಿ ಅವಳು ಸತ್ತರೆ, ಪರೀಕ್ಷೆ ಮುಗಿಸಿ ಬಂದವರಿಗೆ ಏನಂತ ಹೇಳುವುದು? ಹೊಸಬರಿಬ್ಬರು ಸೇತುವೆಯ ನಡುವೆ ಎಲ್ಲಿಂದ ಉದ್ಭವಿಸುವುದು? ಅವತ್ತು ಮೊದಲ ಮುಕ್ಕಾಲು ಗಂಟೆ ಇದಕ್ಕೇ ಹೋಯಿತು. ಮೊದಲ ಸಲ ಬಂದಿದ್ದ ಇಬ್ಬರೂ ಅಷ್ಟು ಹೊತ್ತು ಸುಮ್ನೆ ಕೂತಿದ್ದರು. ಅದು ನನಗೆ ತುಂಬಾ ಬೇಜಾರು ಮಾಡಿದ ವಿಷಯ. ಅಂಗಡಿಗೆ ಧೈರ್ಯ ಮಾಡಿ ಒಬ್ಬರೇ ಬಂದು ಅಪರಿಚಿತರ ಜೊತೆ ಕೂರುವವರಿಗೆ ಮೊದಲ ಹತ್ತು ನಿಮಿಷದಲ್ಲೇ ಡೈಸ್ ಕೈಗೆ ಸಿಗಬೇಕು.

ಮದ್ದು ಹಚ್ಚಿ ನೋಡಿದ್ದೇನೆ. ರಾಕ್ಷಸರ ಹಿಟ್ ಪಾಯಿಂಟ್ ಅರ್ಧ ಮಾಡಿದೆ. ಒಂದು ನಿಮಿಷದ ಮರಳು ಗಡಿಯಾರ ಇಟ್ಟೆ. ಲೆವೆಲ್ ಮೂರರ ಮೇಲೆ ಏರಿಸದೆ ಇಟ್ಟೆ. ಅಷ್ಟಿಷ್ಟು ಪ್ರಯೋಜನವಾಯಿತು. ಆದರೆ ಡಿ ಆ್ಯಂಡ್ ಡಿಯ ಸೊಗಸಿರುವುದೇ ಪಾತ್ರಗಳು ಬೆಳೆಯುವುದರಲ್ಲಿ. ಅದನ್ನೇ ಕತ್ತರಿಸಿದರೆ ಉಳಿಯುವುದೇನು? 2010ರಲ್ಲಿ ಶುರುವಾದ ಡಿ ಆ್ಯಂಡ್ ಡಿ ಎನ್‌ಕೌಂಟರ್ಸ್ ಕಾರ್ಯಕ್ರಮ ಇಲ್ಲಿ ನೆನಪಾಗುತ್ತದೆ. ಗೇಮ್ ಅಂಗಡಿಗಳಲ್ಲಿ ಬುಧವಾರಕ್ಕೊಂದು ಕಾಳಗ, ಒಂದೂವರೆ ಎರಡು ಗಂಟೆಯಲ್ಲಿ ಮುಗಿಯಬೇಕಿತ್ತು, ಮುಂದಿನದು ಮುಂದಿನ ಬುಧವಾರ. ಅಂಗಡಿಯ ಗಡಿಯಾರಕ್ಕೆ ಅಳತೆ ಮಾಡಿ ಹೊಲಿದದ್ದು ಅದು.

ಪಾತ್‌ಫೈಂಡರ್ ಎರಡನೇ ಆವೃತ್ತಿ ಬಂದದ್ದು 2019ರಲ್ಲಿ, 2023ರ ಕೊನೆಗೆ ಪ್ಲೇಯರ್ ಕೋರ್ ಅಂತ ಮರುರೂಪ ಬಂತು. ಕಾಳಗದ ಮಟ್ಟಿಗೆ ಮೂರರಲ್ಲಿ ಇದೇ ಚೆನ್ನ, ಎರಡು ಮಾತಿಲ್ಲ. ಸರದಿಗೆ ಮೂರು ಆ್ಯಕ್ಷನ್, ಹೇಗೆ ಬೇಕಾದರೂ ಬಳಸಿಕೊಳ್ಳಿ. ಡೈಸ್‌ನಲ್ಲಿ ಬರಬೇಕಾದ ಗುರಿಗಿಂತ ಹತ್ತು ಹೆಚ್ಚು ಬಂದರೆ ಕ್ರಿಟಿಕಲ್, ಅಂದರೆ ಭಾರಿ ಯಶಸ್ಸು. ಎದುರಾಳಿಗಳನ್ನು ಆರಿಸುವ ಲೆಕ್ಕಾಚಾರ ನಂಬುವಂತಿದೆ. ಅದಕ್ಕಿಂತ ದೊಡ್ಡದು, ನಿಯಮಗಳೆಲ್ಲ ಆರ್ಕೈವ್ಸ್ ಆಫ್ ನೆಥಿಸ್ ತಾಣದಲ್ಲಿ ಪುಕ್ಕಟೆ. ಕಾಲೇಜು ಹುಡುಗರಿಗೆ ಇದು ನಿಜವಾದ ಉಪಕಾರ.

ಆದರೆ ಅಂಗಡಿಯಲ್ಲಿ ಲೆಕ್ಕ ಜಾಸ್ತಿಯಾಗುತ್ತದೆ. ಎರಡನೇ ಏಟಿಗೆ ಐದು ಕಳೆಯಿರಿ, ಮೂರನೆಯದಕ್ಕೆ ಹತ್ತು. ಎದುರಾಳಿ ಆಫ್-ಗಾರ್ಡ್ (ಎಚ್ಚರ ತಪ್ಪಿದ ಸ್ಥಿತಿ) ಇದ್ದರೆ ಅವನ ರಕ್ಷಣೆಯಲ್ಲಿ ಎರಡು ಕಡಿಮೆ. ಹೆದರಿಸಿದ್ದರೆ ಇನ್ನೊಂದೆರಡು, ಅದೂ ಅವನ ಸರದಿ ಮುಗಿದಾಗ ಒಂದು ಇಳಿಯುತ್ತದೆ. ಪಕ್ಕದ ಮೇಜಿನಲ್ಲಿ ಯಾರೋ ಗೆದ್ದು ಕೂಗುತ್ತಿರುವಾಗ ಈ ಲೆಕ್ಕ ಹಿಡಿದಿಡುವುದು ಕಷ್ಟ. ಹೊಸಬರಿಗೆ ಪಾತ್ರ ಮಾಡಿಸಲು ಕೂತರೆ ಸಂಜೆಯೇ ಮುಗಿಯಿತು, ರೆಡಿ ಪಾತ್ರದ ಹಾಳೆ ಕೊಡಲೇಬೇಕು. ಅಂಗಡಿ, ಮೇಳಗಳಲ್ಲಿ ಆಡಲೆಂದು ಬರೆದ ಪಾತ್‌ಫೈಂಡರ್ ಸೊಸೈಟಿಯ ಕಥೆಗಳು ಒಂದೇ ಕೂರುವಿಕೆಗೆ ಮುಗಿಯುತ್ತವೆ, ನಿಜ. ಆದರೆ ಅವುಗಳ ಅಳತೆ ನಾಲ್ಕೈದು ಗಂಟೆ. ಭಾನುವಾರ ಮಧ್ಯಾಹ್ನ ಮೇಜು ಸಿಗುವವರಿಗೆ ಇದೇ ಮೊದಲ ಆಯ್ಕೆ.

ಇನ್ನು ಶ್ಯಾಡೋಡಾರ್ಕ್. ಕೆಲ್ಸಿ ಡಿಯೋನ್ ಬರೆದದ್ದು. 2023ರಲ್ಲಿ ಜನರಿಂದ ಮುಂಗಡ ದುಡ್ಡು ಸೇರಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ 13 ಲಕ್ಷ ಡಾಲರ್‌ಗೂ ಹೆಚ್ಚು ಸೇರಿತ್ತು. ನಾನು ಪುಸ್ತಕ ಕೊಂಡದ್ದು ಒಂದು ನಿಯಮಕ್ಕಾಗಿ: ಇಲ್ಲಿ ಪಂಜು ಉರಿಯುವುದು ನಿಜವಾದ ಒಂದು ಗಂಟೆ. ಆಟದ ಗಂಟೆಯಲ್ಲ, ನಮ್ಮ ಕೈಗಡಿಯಾರದ ಗಂಟೆ. ಆಡುವ ಯಾವ ಪಾತ್ರಕ್ಕೂ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ. ಪಂಜು ಆರಿದರೆ ರಾಕ್ಷಸರದ್ದೇ ರಾಜ್ಯ.

ಏಳೂಕಾಲಿಗೆ ಫೋನಿನಲ್ಲಿ ಒಂದು ಗಂಟೆಯ ಟೈಮರ್ ಹಾಕಿ ಮೇಜಿನ ನಡುವೆ ಇಡುತ್ತೇನೆ. ಅಷ್ಟೇ, ಮೇಜಿನ ಚಹರೆಯೇ ಬದಲಾಗುತ್ತದೆ. ಬಾಗಿಲು ತೆಗೆಯೋಣವೋ ಬೇಡವೋ ಅಂತ ಕಾಲು ಗಂಟೆ ಚರ್ಚೆ ಮಾಡುವವರೇ "ಬೇಗ, ಬೇಗ" ಅನ್ನುತ್ತಾರೆ. ಯಾರೂ ಫೋನ್ ಮುಟ್ಟುವುದಿಲ್ಲ. ನಾನು ಯಾರನ್ನೂ ಅವಸರಿಸಬೇಕಾಗಿಲ್ಲ, ಆ ಕೆಲಸವನ್ನು ಪಂಜು ಮಾಡುತ್ತದೆ.

ಸರದಿಯೂ ಸುಲಭ. ಎಲ್ಲರೂ ಒಂದು ಸಲ ಡೈಸ್ ಹಾಕುತ್ತಾರೆ, ಜಾಸ್ತಿ ಬಂದವರಿಂದ ಶುರು, ಆಮೇಲೆ ಕೂತ ಸಾಲಿನಲ್ಲೇ ಬಲಸುತ್ತು. ಕಾಳಗ ಇಲ್ಲದಾಗಲೂ ಅದೇ ಸುತ್ತು. ಇದರಿಂದ ಮಾತಾಡದ ಹುಡುಗಿಗೂ, ಮಾತು ನಿಲ್ಲಿಸದ ಹುಡುಗನಿಗೂ ಒಂದೇ ಸರದಿ. ನಾಚಿಕೆ ಸ್ವಭಾವದವರಿಗೆ ಇದಕ್ಕಿಂತ ಒಳ್ಳೆಯ ನಿಯಮ ನಾನು ಬೇರೆ ಆಟದಲ್ಲಿ ನೋಡಿಲ್ಲ.

ಹೊಸಬರ ಪಾತ್ರ ಹತ್ತು ನಿಮಿಷದಲ್ಲಿ ತಯಾರು. ಮೂರು ಡಿ6 ಹಾಕಿ ಬಂದದ್ದನ್ನು ಸಾಲಾಗಿ ಬರೆಯಿರಿ, ಫೈಟರ್, ಪ್ರೀಸ್ಟ್, ಥೀಫ್, ವಿಝರ್ಡ್ ಇಷ್ಟರಲ್ಲಿ ಒಂದು ಆರಿಸಿ, ಸಾಮಾನು ಕೊಳ್ಳಿ. ಸತ್ತರೂ ಅದೇ ಹತ್ತು ನಿಮಿಷ. ಸಾಯುವುದಂತೂ ಇದೆ. ಮೊದಲ ಲೆವೆಲ್‌ನಲ್ಲಿ ಒಂದೆರಡು ಏಟಿಗೆ ಬೀಳುತ್ತಾರೆ, ಒಂದು ಡಿ4 ಹಾಕಿ ಎಷ್ಟು ಸುತ್ತು ಉಳಿದಿದೆ ನೋಡಬೇಕು, ಅಷ್ಟರೊಳಗೆ ಯಾರಾದರೂ ಹೋಗಿ ಉಳಿಸಬೇಕು. ಮೂರು ಪುಟ ಹಿನ್ನೆಲೆ ಕಥೆ ಬರೆದು ತರುವವರಿಗೆ ಇದನ್ನು ಕೂರುವ ಮೊದಲೇ ಹೇಳಿ.

ಅರ್ಧಕ್ಕೆ ನಿಲ್ಲುವ ಕಾಳಗಕ್ಕೆ ಇನ್ನೊಂದು ಸಾಮಾನು ಸೇರಿಸಿಕೊಂಡೆ. ಆಟಗಳನ್ನು ರೂಪಿಸುವ ಬೆನ್ ರಾಬಿನ್ಸ್ ತಮ್ಮ ವೆಸ್ಟ್ ಮಾರ್ಚಸ್ ಕ್ಯಾಂಪೇನ್‌ನಲ್ಲಿ ಬಳಸಿದ ಕಟ್ಟಳೆ ಅದು: ಪ್ರತಿ ಸಲವೂ ಊರಿನಿಂದಲೇ ಹೊರಡಬೇಕು, ಆಟ ಮುಗಿಯುವಾಗ ಊರಿಗೇ ಮರಳಿರಬೇಕು. ಹಾಗಿದ್ದರೆ ಮುಂದಿನ ವಾರ ಯಾರು ಬಂದರೂ ಹೊರಡಬಹುದು. ನನ್ನ ಮೇಜಿನಲ್ಲಿ ಒಂಬತ್ತೂ ಮುಕ್ಕಾಲಿಗೆ ಇನ್ನೂ ಒಳಗಿರುವವರು ತಲೆಗೊಂದು ಡಿ6 ಹಾಕುತ್ತಾರೆ. ನಾಲ್ಕು, ಐದು, ಆರು ಬಂದರೆ ಕ್ಷೇಮವಾಗಿ ಊರು. ಎರಡು, ಮೂರು ಬಂದರೆ ತಂದ ನಿಧಿಯಲ್ಲಿ ಒಂದು ಹೋಯಿತು. ಒಂದು ಬಿದ್ದರೆ ಪಾತ್ರ ಒಳಗೇ ಸಿಕ್ಕಿಕೊಂಡಿತು, ಮುಂದಿನ ವಾರದವರು ಬೇಕಾದರೆ ಹುಡುಕಿ ತರಬಹುದು. ನಿಧಿ ಹೋದರೆ ಶ್ಯಾಡೋಡಾರ್ಕ್‌ನಲ್ಲಿ ಅನುಭವದ ಅಂಕವೂ ಹೋದಂತೆ, ಲೆವೆಲ್ ಏರುವುದು ನಿಧಿಯಿಂದಲೇ. ಹಾಗಾಗಿ ಒಂಬತ್ತೂವರೆಗೇ ಜನ ಬಾಗಿಲ ಕಡೆ ಮುಖ ಮಾಡುತ್ತಾರೆ. ಅಂಗಡಿಯ ಹುಡುಗ ಈಗ ನಮ್ಮ ಮೇಜಿಗೆ ಬಂದು ಏನೂ ಹೇಳುವುದಿಲ್ಲ.

ಕೊರತೆ ಇಲ್ಲ ಅಂತಲ್ಲ. ವಿಝರ್ಡ್ ಮಂತ್ರಕ್ಕೂ ಡೈಸ್ ಹಾಕಬೇಕು, ಸೋತರೆ ವಿಶ್ರಾಂತಿ ಪಡೆಯುವವರೆಗೂ ಆ ಮಂತ್ರ ಇಲ್ಲ. ಎರಡೂವರೆ ಗಂಟೆಯ ಆಟದಲ್ಲಿ ವಿಶ್ರಾಂತಿ ಸಿಗುವುದು ಅಪರೂಪ. ಏಳೂವರೆಗೇ ಮೂರೂ ಮಂತ್ರ ಕಳೆದುಕೊಂಡು ಉಳಿದ ಹೊತ್ತು ಪಂಜು ಹಿಡಿದುಕೊಂಡು ನಡೆದ ಹುಡುಗನನ್ನು ನೋಡಿದ್ದೇನೆ. ಅದು ಚೆನ್ನಾಗಿರುವುದಿಲ್ಲ. ಆಮೇಲಿಂದ ಮೊದಲ ಕೋಣೆಗಳಲ್ಲೇ ಒಂದು ಮಂತ್ರದ ಸುರುಳಿ ಇಡುತ್ತೇನೆ. ಪಾತ್ರವನ್ನು ತಮಗೆ ಬೇಕಾದಂತೆ ಕಟ್ಟುವ ಖುಷಿಯೂ ಇಲ್ಲಿ ಕಡಿಮೆ, ಲೆವೆಲ್ ಏರಿದಾಗ ಏನು ಸಿಗಬೇಕು ಅನ್ನುವುದನ್ನೂ ಎರಡು ಡಿ6 ತೀರ್ಮಾನಿಸುತ್ತವೆ.

ಕೇರ್ನ್ ಅಂತ ಇನ್ನೊಂದಿದೆ, ಯೋಚೈ ಗಾಲ್ ಬರೆದದ್ದು, ಪೂರ್ತಿ ಪುಕ್ಕಟೆ. ಏಟು ತಾಗಿತೋ ಇಲ್ಲವೋ ಅನ್ನುವ ಡೈಸ್ ಇಲ್ಲ, ನೇರ ಪೆಟ್ಟು. ನನಗೆ ಇಷ್ಟ, ಆದರೆ ಡಿ20 ಉರುಳಿಸಲೆಂದೇ ಬಂದವರ ಮುಖ ಬಾಡುತ್ತದೆ.

ಭಾಷೆಯ ವಿಷಯ ನಮ್ಮಂಥವರಿಗೆ ಮುಖ್ಯ. ನಮ್ಮ ಮೇಜಿನಲ್ಲಿ ಆಟ ನಡೆಯುವುದು ಕನ್ನಡದಲ್ಲಿ, ನಡುನಡುವೆ ಇಂಗ್ಲಿಷ್. ಡಿ ಆ್ಯಂಡ್ ಡಿಯ ಒಂದು ಮಂತ್ರದ ವಿವರ ಎಷ್ಟೋ ಸಲ ಎರಡು ಮೂರು ಪ್ಯಾರಾ. ಅದನ್ನು ಓದಿ, ಕನ್ನಡದಲ್ಲಿ ಹೇಳಿ, ವಾದ ಬಂದರೆ ಮತ್ತೆ ಮೂಲಕ್ಕೆ ಹೋಗಬೇಕು. ಶ್ಯಾಡೋಡಾರ್ಕ್‌ನಲ್ಲಿ ಕೆಲವೇ ಸಾಲು. ಕಣ್ಣಾಡಿಸಿ ತಲೆ ಎತ್ತಿ ಹೇಳಿಬಿಡಬಹುದು. ಚಿಕ್ಕಮಗಳೂರಿನಿಂದ ಕೆಲಸಕ್ಕೆ ಬಂದು ಪಿಜಿಯಲ್ಲಿರುವ ಒಬ್ಬರು ಮೊದಲ ದಿನ ಹಿಂಜರಿಯುತ್ತಾ ಕೂತಿದ್ದರು. ಈಗ "ಗೋಡೆ ತಟ್ಟಿ ನೋಡ್ತೀನಿ, ಟೊಳ್ಳು ಶಬ್ದ ಬರುತ್ತಾ?" ಅಂತ ಎಲ್ಲರಿಗಿಂತ ಮೊದಲು ಕೇಳುವುದು ಅವರೇ.

ಖರ್ಚು. 2014ರಲ್ಲಿ ಡಿ ಆ್ಯಂಡ್ ಡಿಯ ಮೂರು ಮೂಲ ಪುಸ್ತಕಗಳ ಮುದ್ರಿತ ಬೆಲೆ ತಲಾ 49.95 ಡಾಲರ್ ಇತ್ತು. ಅಂಗಡಿಯಲ್ಲಿ ಆಡಿಸುವವರ ಹತ್ತಿರ ಮೂರೂ ಇದ್ದರೆ ಒಳ್ಳೆಯದು. ಪೂರ್ತಿ ಕೊಳ್ಳದೆ ಶುರು ಮಾಡಬೇಕು ಅಂದರೆ 2023ರ ಜನವರಿಯಿಂದ ಅದರ ಮೂಲ ನಿಯಮಗಳ ಕಡತ ಕ್ರಿಯೇಟಿವ್ ಕಾಮನ್ಸ್‌ನಲ್ಲಿದೆ, ಜೆರಾಕ್ಸ್ ಮಾಡಿಸಿ ಹಂಚಬಹುದು. ಶ್ಯಾಡೋಡಾರ್ಕ್‌ಗೆ ಒಂದೇ ಪುಸ್ತಕ ಸಾಕು. ಅದನ್ನೂ ಕೊಳ್ಳುವ ಮೊದಲು ಪುಕ್ಕಟೆ ಕ್ವಿಕ್‌ಸ್ಟಾರ್ಟ್ ಪಿಡಿಎಫ್ ಎರಡಿವೆ, ಆಡುವವರಿಗೆ ಒಂದು, ಆಡಿಸುವವರಿಗೆ ಒಂದು. ಮೂರನೇ ಲೆವೆಲ್‌ವರೆಗಿನ ನಿಯಮ ಅದರಲ್ಲೇ ಇದೆ, ಜೊತೆಗೆ ಮಿನೋಟಾರ್ (ಗೂಳಿತಲೆಯ ರಾಕ್ಷಸ) ಇರುವ ಒಂದು ಹಾಳು ಕೋಟೆಯೂ ಇದೆ. ನಾನು ಶುರು ಮಾಡಿದ್ದು ಆ ಕೋಟೆಯಿಂದಲೇ. ಮ್ಯಾಟ್, ಮಿನಿ ಬೇಕಿಲ್ಲ, ಒಂದು ಹಾಳೆ ಮತ್ತು ಪೆನ್ಸಿಲ್ ಸಾಕು.

ನಾನು ಆಫೀಸ್ ಮುಗಿಸಿ ಲ್ಯಾಪ್‌ಟಾಪ್ ಬ್ಯಾಗಿನ ಜೊತೆ ನೇರವಾಗಿ ಅಂಗಡಿಗೆ ಹೋಗುವವನು. ತಯಾರಿಗೆ ಸಿಗುವುದು ಮೆಟ್ರೋದಲ್ಲಿ ಕೂತ ಹೊತ್ತು. ಆ ಹೊತ್ತಿನಲ್ಲಿ ಶ್ಯಾಡೋಡಾರ್ಕ್‌ನ ನಾಲ್ಕು ಕೋಣೆ ತಯಾರಾಗುತ್ತವೆ, ಪಾತ್‌ಫೈಂಡರ್‌ನ ಒಂದು ಕಾಳಗವೂ ಆಗುವುದಿಲ್ಲ. ನಿಮಗೆ ಪ್ರತಿ ವಾರ ತಪ್ಪದೆ ಬರುವ ಅದೇ ನಾಲ್ಕು ಜನ ಇದ್ದರೆ, ಮನೆಯಲ್ಲಿ ಮೇಜಿದ್ದರೆ, ಡಿ ಆ್ಯಂಡ್ ಡಿ ಬಿಡಬೇಡಿ. ಆರು ತಿಂಗಳು ಒಂದೇ ಪಾತ್ರ ಬೆಳೆಸುವ ಸುಖ ಅದರಲ್ಲಿ ದೊಡ್ಡದು. ನನ್ನ ಐದನೇ ಆವೃತ್ತಿಯ ಪುಸ್ತಕಗಳನ್ನು ಅಂಗಡಿಯ ಕಪಾಟಿನಲ್ಲೇ ಇಟ್ಟಿದ್ದೇನೆ. ಶನಿವಾರ ಇಡೀ ಮಧ್ಯಾಹ್ನ ಮೇಜು ಹಿಡಿದು ಆಡುವ ಇನ್ನೊಂದು ಗುಂಪು ಅವನ್ನು ಬಳಸುತ್ತಿದೆ.