ರುಚಿ ಹತ್ತದ ಗೇಮ್‌ಗಳು: ರೆಡ್ ಡೆಡ್, ವಿಚರ್, ಎಲ್ಡನ್ ರಿಂಗ್

ರೆಡ್ ಡೆಡ್ ರಿಡೆಂಪ್ಶನ್ 2 ಅನ್ನುವ ವಿಡಿಯೋ ಗೇಮ್ ನನಗೆ ಹಿಡಿಸಲಿಲ್ಲ ಅಂತ ಮೊದಲು ಹೇಳಿದ್ದು ನನ್ನ ಚಿಕ್ಕಪ್ಪನ ಮಗನ ಹತ್ತಿರ. ಹಬ್ಬದ ಊಟಕ್ಕೆ ಕೂತು ಒಬ್ಬಟ್ಟು ಬೇಡ ಅಂದವನನ್ನು ಅಜ್ಜಿ ನೋಡುತ್ತಾರಲ್ಲ, ಹಾಗೆ ನೋಡಿದ.

“ಎಷ್ಟು ಹೊತ್ತು ಆಡಿದ್ಯಣ್ಣ?”

“ಎರಡೂಮುಕ್ಕಾಲು ಗಂಟೆ.”

“ಹಂಗಾದ್ರೆ ನೀನಿನ್ನೂ ಶುರುನೇ ಮಾಡಿಲ್ಲ ಬಿಡು.”

ಈ ಥರದ ಮಾತು ನನಗೆ ಹೊಸದಲ್ಲ. ವಿಚರ್ 3 ಬೇಜಾರು ಅಂದಾಗ “ವೆಲೆನ್ ತನಕ ಹೋಗಿ ನೋಡು” ಅಂದರು, ವೆಲೆನ್ ಅಂದರೆ ಅದರಲ್ಲಿ ಮುಂದೆ ಬರುವ ಪ್ರದೇಶ. ಎಲ್ಡನ್ ರಿಂಗ್ ಕಷ್ಟ ಅಂದಾಗ “ಮಾರ್ಗಿಟ್‌ನ ಹೊಡೆದು ಬಂದು ಮಾತಾಡು” ಅಂದರು, ಮಾರ್ಗಿಟ್ ಅಂದರೆ ಅದರಲ್ಲಿ ಬರುವ ಒಬ್ಬ ದೊಡ್ಡ ಎದುರಾಳಿ. ಮೂರೂ ಅಂಥಿಂಥ ಗೇಮ್‌ಗಳಲ್ಲ. ವಿಚರ್ 5 ಕೋಟಿಗಿಂತ ಜಾಸ್ತಿ ಮಾರಾಟವಾಗಿದೆ, ರೆಡ್ ಡೆಡ್ ಅದಕ್ಕೂ ಮುಂದಿದೆ, ಎಲ್ಡನ್ ರಿಂಗ್ 3 ಕೋಟಿ ಮುಟ್ಟಿದೆ. ದಿ ಗೇಮ್ ಅವಾರ್ಡ್ಸ್‌ನಲ್ಲಿ 2015ರ ವರ್ಷದ ಗೇಮ್ ವಿಚರ್, 2022ರದ್ದು ಎಲ್ಡನ್ ರಿಂಗ್. 2018ರಲ್ಲಿ ಆ ಪಟ್ಟ ರೆಡ್ ಡೆಡ್ ಕೈತಪ್ಪಿ ಗಾಡ್ ಆಫ್ ವಾರ್‌ಗೆ ಹೋದದ್ದಕ್ಕೆ ನಮ್ಮ ಹುಡುಗ ಇನ್ನೂ ಕೊರಗುತ್ತಾನೆ.

ನಾನು ಮೂರನ್ನೂ ದುಡ್ಡು ಕೊಟ್ಟೇ ಕೊಂಡೆ. ಮೂರನ್ನೂ ಒಂದೊಂದು ಸಲವಾದರೂ ಅರ್ಧಕ್ಕೆ ಬಿಟ್ಟೆ. ಆಮೇಲೆ ಒಂದು ಮುಗಿಯಿತು, ಒಂದು ನಡೀತಾ ಇದೆ, ಒಂದರ ಆಸೆ ಬಿಟ್ಟಿದ್ದೇನೆ.

ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಶಿವಮೊಗ್ಗದಲ್ಲಿ ಓದುವಾಗ ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ವೈಸ್ ಸಿಟಿ, ಮೋಸ್ಟ್ ವಾಂಟೆಡ್ ಆಡಿ ಪಳಗಿದ ಕೈ ಇದು. ಅಲ್ಲಿ ಒಂದು ಗಂಟೆಯೊಳಗೆ ಏನಾದರೂ ನಡೆಯಲೇಬೇಕಿತ್ತು, ಇಲ್ಲದಿದ್ದರೆ ದುಡ್ಡು ದಂಡ. ಈಗ ಬೆಂಗಳೂರಲ್ಲಿ ಕೆಲಸ. ಮಗಳು ಮಲಗುವುದು ರಾತ್ರಿ ಹತ್ತಕ್ಕೆ. ಆಮೇಲೆ ನನಗೆ ಸಿಗುವುದು 45 ನಿಮಿಷ. ಅಷ್ಟರಲ್ಲಿ ಗೇಮ್ ಏನು ಕೊಡುತ್ತದೆ? ನನ್ನ ಅಳತೆಗೋಲು ಅದೊಂದೇ.

ರೆಡ್ ಡೆಡ್‌ನಿಂದಲೇ ಶುರು ಮಾಡೋಣ. ಕಾಲ 1899, ಅಮೆರಿಕ. ಬ್ಲ್ಯಾಕ್‌ವಾಟರ್ ಅನ್ನುವ ಊರಲ್ಲಿ ದರೋಡೆ ಎಡವಟ್ಟಾಗಿ, ಡಚ್ ಅನ್ನುವ ನಾಯಕನ ತಂಡ ಹಿಮದ ಬೆಟ್ಟ ಹತ್ತಿ ತಲೆಮರೆಸಿಕೊಂಡಿದೆ. ಆ ತಂಡದ ಆರ್ಥರ್ ಮಾರ್ಗನ್ ನಾವು. ಮೊದಲ ಅಧ್ಯಾಯ ಪೂರ್ತಿ ಹಿಮ. ಕುದುರೆ ಕಾಲು ಹೂತುಕೊಂಡು ನಡೆಯುತ್ತದೆ, ಜೊತೆಯವರು ಮಾತಾಡುತ್ತಾರೆ, ನಾವು ಬಟನ್ ಒತ್ತಿಕೊಂಡು ಕೂತಿರಬೇಕು. ನಡುವೆ ಗುಂಡಿನ ಕಾಳಗ ಇದೆ, ಕೊನೆಗೆ ರೈಲು ದರೋಡೆಯೂ ಇದೆ. ಆದರೆ ಆ ರೈಲು ಬರುವಷ್ಟರಲ್ಲಿ ನನ್ನ ಮೂರು ರಾತ್ರಿ ಹೋಗಿತ್ತು. ಎರಡನೇ ರಾತ್ರಿ ಕುರ್ಚಿಯಲ್ಲೇ ತೂಕಡಿಸಿದ್ದೆ.

ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡ ಗೇಮ್ ಬೇಡ ಅನ್ನಿಸಿದರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ಈ ಗೇಮ್‌ನಲ್ಲಿ ಆ ಎರಡು ಗಂಟೆ ಹಿಮದಲ್ಲೇ ಕಳೆದುಹೋಗುತ್ತದೆ. ಹಸಿರು ಹುಲ್ಲು ಕಾಣುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಬೇಕಂತ ಮಾಡಿದ್ದಲ್ಲ ಅಂತ ಗೊತ್ತು, ಆದರೂ ಲೆಕ್ಕ ಹಾಕಿ ನೋಡಿದಾಗ ನಗು ಬಂತು.

ವಿಚರ್ 3ರ ಮೊದಲ ಎರಡು ಗಂಟೆ ನಿಧಾನ ಅಲ್ಲ, ಗೊಂದಲ. ವೈಟ್ ಆರ್ಚರ್ಡ್ ಅನ್ನುವ ಹಳ್ಳಿ, ಗೆರಾಲ್ಟ್ ಅನ್ನುವ ಬಿಳಿಗೂದಲಿನ ಬೇಟೆಗಾರ, ಕೊಲ್ಲಬೇಕಾದ ಒಂದು ಗ್ರಿಫಿನ್ ಅನ್ನುವ ರೆಕ್ಕೆಯ ದೈತ್ಯ ಪ್ರಾಣಿ. ಇಷ್ಟೇ ಆಗಿದ್ದರೆ ಸುಲಭ. ಆದರೆ ಯೆನೆಫರ್ ಯಾರು, ಸಿರಿ ಯಾರ ಮಗಳು, ನಿಲ್ಫ್‌ಗಾರ್ಡ್ ಸೈನ್ಯ ಇಲ್ಲಿ ಯಾಕೆ ಬೀಡುಬಿಟ್ಟಿದೆ? ಇದು ಸರಣಿಯ ಮೂರನೆಯದು, ಮೊದಲೆರಡು 2007 ಮತ್ತು 2011ರಲ್ಲೇ ಬಂದಿದ್ದವು, ಅದಕ್ಕೂ ಹಿಂದೆ ಪೋಲೆಂಡಿನ ಕಾದಂಬರಿಗಳಿವೆ. ಗುರುತಿಲ್ಲದವರ ಮದುವೆ ಮನೆಗೆ ಹೋಗಿ, ಯಾರು ಗಂಡಿನ ಕಡೆ ಯಾರು ಹೆಣ್ಣಿನ ಕಡೆ ಅಂತ ತಿಳಿಯದೆ ಸುಮ್ನೆ ನಗುತ್ತಾ ಕೂತ ಹಾಗಿತ್ತು ನನ್ನ ಪಾಡು. ಎರಡು ಸಲ ಬಿಟ್ಟೆ.

ಮೂರನೇ ಸಲ ಹಿಡಿದು ನಿಲ್ಲಿಸಿದ್ದು ಒಂದು ಬಾಣಲೆ. ಅದೇ ಹಳ್ಳಿಯಲ್ಲಿ ಒಬ್ಬ ಮುದುಕಿ ಗುಡಿಸಲಿನ ಮುಂದೆ ನಿಂತಿರುತ್ತಾಳೆ. ತನ್ನ ಬಾಣಲೆ ಒಳಗೇ ಉಳಿದಿದೆ, ತಂದುಕೊಡು ಅನ್ನುತ್ತಾಳೆ. ಒಳಗೆ ಹೋದರೆ ಒಂದು ಹೆಣ, ಸುಟ್ಟ ಕಾಗದ, ಫಳಫಳ ಅನ್ನುವ ಬಾಣಲೆ. ಗೆರಾಲ್ಟ್ ಮೂಗು ಕಣ್ಣು ಎಲ್ಲ ಉಪಯೋಗಿಸಿ ಲೆಕ್ಕ ಹಾಕುತ್ತಾನೆ: ಯಾರೋ ಪತ್ರ ಬರೆಯಲು ಶಾಯಿ ಬೇಕಾಗಿ ಬಾಣಲೆಯ ಮಸಿಯನ್ನು ಕೆರೆದುಕೊಂಡಿದ್ದಾರೆ. ಮುದುಕಿಗೆ ಅದೆಲ್ಲ ಬೇಕಿಲ್ಲ. ಬಾಣಲೆ ತೊಳೆದ ಹಾಗಾಗಿದೆಯಲ್ಲ, ಅವಳಿಗೆ ಅದೇ ಖುಷಿ. ಪೂರ್ತಿ ಕತೆ ಹತ್ತು ನಿಮಿಷ ಇಲ್ಲ. ಹತ್ತು ನಿಮಿಷದಲ್ಲಿ ಕೊಲೆ, ತನಿಖೆ, ನಗು ಎಲ್ಲ ಆಯಿತು! ದೊಡ್ಡ ಕತೆ ಅರ್ಥವಾಗದಿದ್ದರೂ ಪರವಾಗಿಲ್ಲ, ಇಂಥ ಸಣ್ಣ ಕತೆಗಳಿಗೋಸ್ಕರ ಆಡಬಹುದು ಅಂತ ಆವತ್ತು ಅನ್ನಿಸಿತು. ವೆಲೆನ್‌ಗೆ ಬಂದು ಬ್ಲಡಿ ಬ್ಯಾರನ್‌ನ ಸಂಸಾರದ ಗೋಳು ಶುರುವಾದ ಮೇಲಂತೂ 45 ನಿಮಿಷ ಒಂದೂವರೆ ಗಂಟೆಯಾಗತೊಡಗಿತು. ಗ್ವೆಂಟ್ ಅನ್ನುವ ಇಸ್ಪೀಟಿನಂಥ ಆಟದ ವಿಷಯ ಬೇರೆ. ಗೆರಾಲ್ಟ್ ಹುಡುಕಬೇಕಾದ ಸಾಕುಮಗಳು ಸಿರಿ ಕಾಣೆಯಾಗಿದ್ದಾಳೆ, ಲೋಕ ಮುಳುಗುತ್ತಿದೆ, ನಾನು ಹೋಟೆಲಿನವನ ಜೊತೆ ಎಲೆ ಹಾಕುತ್ತಾ ಕೂತಿದ್ದೆ.

ಎಲ್ಡನ್ ರಿಂಗ್ ನನಗೆ ಆಗಿಬರುವುದೇ ಇಲ್ಲ ಅಂದುಕೊಂಡಿದ್ದೆ. ಜಪಾನಿನ ಫ್ರಮ್‌ಸಾಫ್ಟ್‌ವೇರ್‌ನವರ ಗೇಮ್, ಸುಲಭ-ಮಧ್ಯಮ-ಕಷ್ಟ ಅನ್ನುವ ಆಯ್ಕೆಯೇ ಇಲ್ಲ. ಶುರುವಿನಲ್ಲೇ ಹತ್ತಾರು ಕೈಗಳ ಒಂದು ಜೀವಿ ಬಂದು ಹೊಸಬರನ್ನು ಮುಗಿಸಿಬಿಡುತ್ತದೆ. ಅಲ್ಲಿಂದ ಎದ್ದು, ಬಾಗಿಲು ತೆರೆದು ಲಿಮ್‌ಗ್ರೇವ್ ಬಯಲಿಗೆ ಕಾಲಿಟ್ಟರೆ ಎದುರಿಗೇ ಚಿನ್ನದ ಕವಚದ ಕುದುರೆ ಸವಾರ ಗಸ್ತು ತಿರುಗುತ್ತಿರುತ್ತಾನೆ. ಹೆಸರು ಟ್ರೀ ಸೆಂಟಿನೆಲ್. ಮೊದಲ ರಾತ್ರಿ ಅವನ ಕೈಲಿ 14 ಸಲ ಸತ್ತೆ. ಎಣಿಸಿದ್ದೇನೆ. ಲ್ಯಾಪ್‌ಟಾಪ್ ಮುಚ್ಚಿದವನು ಐದು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ನನ್ನ ತಪ್ಪು ಗೊತ್ತಾದದ್ದು ಆಮೇಲೆ. ಸೈಬರ್ ಕೆಫೆಯ ಗೇಮ್‌ಗಳಲ್ಲಿ ಎದುರಿಗೆ ಬಂದವನನ್ನು ಹೊಡೆದೇ ಮುಂದೆ ಹೋಗಬೇಕು. ಇಲ್ಲಿ ಹಾಗಲ್ಲ. ಅವನನ್ನು ಈಗ ಹೊಡೆಯಬೇಕಾಗಿಲ್ಲ, ಸುತ್ತು ಬಳಸಿ ಹೋಗಿಬಿಡಬಹುದು. ಅದನ್ನು ಗೇಮ್ ಬಾಯಿಬಿಟ್ಟು ಹೇಳುವುದಿಲ್ಲ. ಎರಡನೇ ಸಲ ಪೊದೆಯ ಮರೆಯಲ್ಲಿ ದಾಟಿ ಹೋದೆ. ಮುಂದೆ ಟೊರೆಂಟ್ ಅನ್ನುವ ಕುದುರೆ ಸಿಕ್ಕಿತು, ಲೆವೆಲ್ ಏರಿಸುವ, ಅಂದರೆ ನಮ್ಮ ಬಲ ಹೆಚ್ಚಿಸಿಕೊಳ್ಳುವ ದಾರಿ ಸಿಕ್ಕಿತು. ಹಾಳು ಬಿದ್ದ ಚರ್ಚಿನಲ್ಲಿ ರಾತ್ರಿ ಹೊತ್ತು ಒಬ್ಬಳು ಗಂಟೆಯೊಂದನ್ನು ಕೊಟ್ಟಳು, ಬಾರಿಸಿದರೆ ಮೂರು ತೋಳಗಳು ನಮ್ಮ ಪರವಾಗಿ ಬಂದು ಕಚ್ಚುತ್ತವೆ. ಹತ್ತು ದಿನ ಬಿಟ್ಟು ಅದೇ ಸವಾರನ ಹತ್ತಿರ ವಾಪಸ್ ಹೋದೆ. ಮೂರನೇ ಪ್ರಯತ್ನಕ್ಕೆ ಬಿದ್ದ. ಹೆಂಡತಿ ಎದ್ದು ಬಂದು “ಏನ್ರೀ ಆಯ್ತು?” ಅಂತ ಕೇಳುವಷ್ಟು ಜೋರಾಗಿ ಕಿರುಚಿದ್ದೆನಂತೆ.

ಈಗ 45 ನಿಮಿಷದ ಲೆಕ್ಕ. ಇಲ್ಲೇ ನನಗೆ ಆಶ್ಚರ್ಯವಾದದ್ದು. ಎಲ್ಡನ್ ರಿಂಗ್‌ನಲ್ಲಿ ಆಟವನ್ನು ನಡುವೆ ತಡೆದು ನಿಲ್ಲಿಸುವ ನೇರವಾದ ಪಾಜ್ ಬಟನ್ ಇಲ್ಲ. ಮಗಳು ಎದ್ದು ಅತ್ತರೆ ನಾನು ಸತ್ತೆ ಅಂತಲೇ ಲೆಕ್ಕ. ಆದರೆ ಮೆನುವಿನಿಂದ ಹೊರಬಂದರೆ ನಿಂತ ಜಾಗದಲ್ಲೇ ಸೇವ್ ಆಗಿರುತ್ತದೆ, ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಸತ್ತರೆ ಕೂಡಿಟ್ಟ ರೂನ್‌ಗಳು, ಅಂದರೆ ಲೆವೆಲ್ ಏರಿಸಲು ಬೇಕಾದ ಗೇಮ್‌ನ ದುಡ್ಡು, ಬಿದ್ದ ಜಾಗದಲ್ಲಿ ಉಳಿಯುತ್ತವೆ. ಅಲ್ಲಿಗೆ ತಲುಪುವ ಮೊದಲು ಮತ್ತೆ ಸತ್ತರೆ ಮಾತ್ರ ಹೋದವು. ಹಾಗಾಗಿ ಒಂದು ಗುಹೆ, ಬಾಸ್ ಅನ್ನುವ ಒಬ್ಬ ದೊಡ್ಡ ಎದುರಾಳಿ, ಎರಡು ಲೆವೆಲ್: ಒಂದು ರಾತ್ರಿಗೆ ಅಳೆದು ಕೊಟ್ಟ ಹಾಗೆ. ವಿಚರ್‌ನಲ್ಲಿ ಕಾಳಗ ನಡೆಯದಿದ್ದರೆ ಸಾಮಾನ್ಯವಾಗಿ ಎಲ್ಲಿ ಬೇಕಾದರೂ ಸೇವ್ ಮಾಡಬಹುದು, ತಕರಾರಿಲ್ಲ. ರೆಡ್ ಡೆಡ್ ತಿರುಗಾಮುರುಗ. ಪಾಜ್ ಇದೆ, ಆದರೆ ಮಿಷನ್ ನಡುವೆ ಸೇವ್ ಇಲ್ಲ. ಅರ್ಧ ಗಂಟೆ ಕುದುರೆ ಮೇಲೆ ಕೂತು ಹೋಗಿ, ಗುಂಡು ಹಾರುವ ಹೊತ್ತಿಗೆ ಎದ್ದುಬಿಟ್ಟರೆ ನಾಳೆ ಮತ್ತೆ ಕುದುರೆ ಹತ್ತಬೇಕು. ಮೂರರಲ್ಲಿ ಸಾಯುವುದು ಅತಿ ಕಡಿಮೆ ಇರುವ ಗೇಮ್‌ನಲ್ಲೇ ನನಗೆ ಅತಿ ಹೆಚ್ಚು ಹೊತ್ತು ದಂಡವಾಯಿತು.

ಕೈ ಪಳಗುವ ವಿಷಯದಲ್ಲೂ ರೆಡ್ ಡೆಡ್ ನನ್ನನ್ನು ಸೋಲಿಸಿತು. ಅದರಲ್ಲಿ ದಾರಿಹೋಕರ ಕಡೆ ಗಮನ ಕೊಡುವ ಬಟನ್ನೂ ಬಂದೂಕಿನ ಗುರಿ ಹಿಡಿಯುವ ಬಟನ್ನೂ ಒಂದೇ. ಕೈಯಲ್ಲಿ ಬಂದೂಕು ಇಲ್ಲದಿದ್ದರೆ ನಮಸ್ಕಾರ, ಇದ್ದರೆ ಬೆದರಿಕೆ. ವ್ಯಾಲೆಂಟೈನ್ ಊರಲ್ಲಿ ಒಬ್ಬರಿಗೆ ಸೌಜನ್ಯದಿಂದ ನಮಸ್ಕಾರ ಹೇಳಲು ಹೋಗಿ ಪೊಲೀಸರಿಂದ ಅಟ್ಟಿಸಿಕೊಂಡಿದ್ದೇನೆ. ಬೀರುವಿನ ಡ್ರಾಯರ್ ಎಳೆಯುವುದು, ಡಬ್ಬಿ ಎತ್ತುವುದು, ಜಿಂಕೆ ಚರ್ಮ ಸುಲಿಯುವುದು ಎಲ್ಲವನ್ನೂ ಪೂರ್ತಿ ನೋಡಬೇಕು. ಕುದುರೆಗೆ ಮೈ ಉಜ್ಜಬೇಕು. ಇದು ಅದರ ದೋಷ ಅನ್ನುವಂತಿಲ್ಲ, ಅದನ್ನು ಮೆಚ್ಚುವವರು ಮೆಚ್ಚುವುದೇ ಇದಕ್ಕಾಗಿ. ವಿಚರ್‌ನಲ್ಲಿ ಗೆರಾಲ್ಟ್ ತಿರುಗುವಾಗ ಲಾರಿ ತಿರುಗಿದ ಹಾಗೆ ಅನ್ನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಚಲನೆಗೆ ಇನ್ನೊಂದು ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಿ. ನನಗೆ ಅದು ತಿಳಿದದ್ದು 30 ಗಂಟೆ ಆದ ಮೇಲೆ.

ಜಾಗದ ಮಾತೂ ಒಂದಿದೆ. ಪಿಸಿಯಲ್ಲಿ ರೆಡ್ ಡೆಡ್ 150 ಜಿಬಿ ಕೇಳುತ್ತದೆ. ವಿಚರ್ 50, ಎಲ್ಡನ್ ರಿಂಗ್ 60. ನನ್ನದು 512 ಜಿಬಿಯ ಲ್ಯಾಪ್‌ಟಾಪ್. ಒಂದನ್ನು ಇಟ್ಟುಕೊಳ್ಳಲು ಮಗಳ ನಾಮಕರಣದ ವಿಡಿಯೋಗಳನ್ನು ಬೇರೆ ಡಿಸ್ಕಿಗೆ ಸಾಗಿಸಬೇಕಾಯಿತು.

ನಡುವೆ ಸ್ಟಾರ್‌ಡ್ಯೂ ವ್ಯಾಲಿಯನ್ನೂ ನೋಡಿದೆ, ಅದಿಲ್ಲದೆ ಈ ಲೆಕ್ಕ ಪೂರ್ತಿಯಾಗುವುದಿಲ್ಲ. 2016ರದ್ದು, ಒಬ್ಬನೇ ಮನುಷ್ಯ ಕೂತು ಮಾಡಿದ ಬೇಸಾಯದ ಗೇಮ್. ಅದರ ಒಂದು ದಿನ ಅಂದರೆ ನಮ್ಮ ಸುಮಾರು 14 ನಿಮಿಷ, 45 ನಿಮಿಷಕ್ಕೆ ಮೂರು ದಿನದ ಬೇಸಾಯ. ನನ್ನ ಅಳತೆಗೆ ಹೇಳಿ ಮಾಡಿಸಿದ ಹಾಗಿದೆ, ಅಲ್ವಾ? ಆದರೂ ಒಂದು ವಾರಕ್ಕೆ ಬಿಟ್ಟೆ. ತೀರ್ಥಹಳ್ಳಿ ಕಡೆಯ ತೋಟದಿಂದ ಬಂದಿದ್ದ ಅಪ್ಪ ಹಿಂದೆ ನಿಂತು ನೋಡಿ, “ಅಡಿಕೆಗೆ ಔಷಧಿ ಹೊಡ್ಸೋಕೆ ಬಾ ಅಂದ್ರೆ ರಜೆ ಇಲ್ಲ ಅಂತೀಯ, ಇಲ್ಲಿ ಭಾರೀ ಬೇಸಾಯ ನಡೀತಾ ಇದೆ” ಅಂದರು. ಆಮೇಲೆ ಆ ಗಿಡಗಳಿಗೆ ನೀರು ಹಾಕುವಾಗಲೆಲ್ಲ ಏನೋ ಒಂಥರಾ ಆಗುತ್ತಿತ್ತು.

ನಿಮಗೂ ರಾತ್ರಿ ಮುಕ್ಕಾಲು ಗಂಟೆ ಮಾತ್ರ ಸಿಗುವುದಾದರೆ, ಸೋಲುವುದಕ್ಕೆ ಸಿಟ್ಟು ಬಾರದಿದ್ದರೆ, ಎಲ್ಡನ್ ರಿಂಗ್ ಹಿಡಿಯಿರಿ. ಅದು ಈಗ ನನ್ನ ಹತ್ತಿರ ನಡೀತಾ ಇರುವ ಗೇಮ್. ಕತೆ ಬೇಕು, ಓದುವ ತಾಳ್ಮೆ ಇದೆ ಅಂದರೆ ವಿಚರ್. ನಾನು ಮುಗಿಸಿದ್ದು ಅದನ್ನೇ, ಸ್ಕೆಲ್ಲಿಗೆ ಅನ್ನುವ ದ್ವೀಪಗಳ ಸುತ್ತಲ ಸಮುದ್ರದಲ್ಲಿ ನಕ್ಷೆ ತೋರಿಸುವ ಪ್ರಶ್ನಾರ್ಥಕ ಚಿಹ್ನೆಗಳನ್ನು ಬಿಟ್ಟು. ಅವುಗಳ ಸಹವಾಸ ನೀವೂ ಮಾಡಬೇಡಿ, ದೋಣಿಯಲ್ಲಿ ಹೋಗಿ ಪೀಪಾಯಿ ಒಡೆದದ್ದೇ ಬಂತು. ರೆಡ್ ಡೆಡ್‌ಗೆ ಶನಿವಾರ ಮಧ್ಯಾಹ್ನಗಳು ಬೇಕು. ಒಂದೆರಡಲ್ಲ, ಸಾಲಾಗಿ ಬೇಕು.

ಆದರೂ ಅದನ್ನು ಅಳಿಸಿಲ್ಲ. ಕಳೆದ ಗೌರಿ ಹಬ್ಬಕ್ಕೆ ಚಿಕ್ಕಪ್ಪನ ಮಗ ಬಂದಿದ್ದಾಗ ನನ್ನ ಸೇವ್ ತೆರೆದು ಕೂತ. ನಾನು ಪಕ್ಕದಲ್ಲಿ ಕಡುಬು ತಿನ್ನುತ್ತಾ ನೋಡುತ್ತಿದ್ದೆ. ಅವನು ಎಲ್ಲಿಗೂ ಧಾವಿಸಲಿಲ್ಲ. ಹೊಳೆ ಕಂಡಲ್ಲಿ ಇಳಿದು ಗಾಳ ಹಾಕಿದ, ಮಳೆ ಬಂದರೆ ಮರದಡಿ ನಿಂತ. “ನೀನು ಕುದುರೇನ ಬೈಕ್ ಥರ ಓಡಿಸ್ತೀಯಣ್ಣ” ಅಂದ. ಎರಡು ಗಂಟೆ ಹೋದದ್ದೇ ಗೊತ್ತಾಗಲಿಲ್ಲ ನನಗೆ, ಆಡಿದ್ದು ಅವನು. ಈಗ ನನ್ನ ಆರ್ಥರ್ ಹತ್ತಿರ ಹೊಸ ಕುದುರೆ ಇದೆ. ಹೆಸರು ಕರಿಯ. ದೀಪಾವಳಿಗೆ ಬಂದಾಗ ಮುಂದಿನ ಅಧ್ಯಾಯ ಆಡುತ್ತಾನಂತೆ, ಅಲ್ಲಿಯವರೆಗೆ ಮುಟ್ಟಬೇಡ ಅಂತ ಹೇಳಿ ಹೋಗಿದ್ದಾನೆ.